ಬೇಲಿಗೆ ‘ದುಬೈ ಗಿಡ’ ಹಚ್ಚುವ ಮುಂಚೆ ಇದನ್ನೊಮ್ಮೆ ಓದಿ

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮದೊಂದು ಸಣ್ಣ ಮನೆ. ಪಡುವಣ ಬದಿಗೆ ಬರೀ ಬಯಲು. ಏಪ್ರಿಲ್ ಬಂತೆಂದರೆ ಇಳಿಬಿಸಿಲು, ಬಿಸಿಗಾಳಿ, ಧೂಳು ಎಲ್ಲಾ ನೇರ ಪಡಸಾಲೆಗೆ. ಮೂರಡಿ ಕಾಂಪೌಂಡಿನ ಒಳಗೆ ಹಸಿರು ಗೋಡೆಯೊಂದನ್ನು ಎಬ್ಬಿಸೋಣ ಅಂತ ನರ್ಸರಿಗೆ ಹೋದೆ.

ಅಲ್ಲಿಯವನು ಕೇಳಿದ್ದು ಒಂದೇ ಮಾತು: ‘ಎಷ್ಟ್ ಲಗೂ ಬೇಕ್ರಿ?’ ಒಂದು ವರ್ಷದಲ್ಲಿ ಅಂದೆ. ‘ಹಂಗಾರ ದುಬೈ ಗಿಡ ಒಯ್ರಿ. ನೀರ್ ಹಾಕ್ರಿ, ಮರತ್ ಬಿಡ್ರಿ.’

ಅದರ ಹೆಸರು ಕೊನೊಕಾರ್ಪಸ್. ನಲವತ್ತು ಸಸಿ ತಂದು ಸಾಲಾಗಿ ಹಚ್ಚಿದೆ. ಅದೇ ಬದಿಯಲ್ಲಿ ನೀರಿನ ಸಂಪು ಇದೆ, ಬಚ್ಚಲ ಪೈಪೂ ಇದೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಖರೆ ಹೇಳಬೇಕೆಂದರೆ ಮೊದಲೆರಡು ವರ್ಷ ನಮ್ಮ ಬೇಲಿ ನೋಡಿ ಓಣಿಯವರೆಲ್ಲ ಹೊಗಳಿದರು. ಮೇ ತಿಂಗಳ 42 ಡಿಗ್ರಿಯಲ್ಲೂ ಎಲೆ ಬಾಡಲಿಲ್ಲ. ಇಷ್ಟು ನೀರು ಎಲ್ಲಿಂದ ಸಿಗುತ್ತಿದೆ ಅಂತ ನಾನು ಆಗಲೇ ಕೇಳಿಕೊಳ್ಳಬೇಕಿತ್ತು, ಅಲ್ವಾ?

ಮೂರನೇ ವರ್ಷ ಬಚ್ಚಲ ನೀರು ವಾಪಸ್ ಬರತೊಡಗಿತು. ಪ್ಲಂಬರ್ ಚೇಂಬರ್ ಮೇಲಿನ ಶಹಾಬಾದ್ ಫರಸಿ ಎತ್ತಿ ಕೈ ಹಾಕಿದ. ಹೊರಗೆ ಬಂದದ್ದು ಜಡೆಗಟ್ಟಿದ ಕೂದಲಿನಂಥ ಬೇರು, ನಾಲ್ಕಡಿ ಉದ್ದ! ಪೈಪಿನ ಜಾಯಿಂಟಿನಲ್ಲಿ ಸ್ವಲ್ಪ ನೀರು ಜಿನುಗುತ್ತಿತ್ತಂತೆ. ಬೇರಿಗೆ ಅಷ್ಟೇ ಸಾಕು. ಮೊದಲು ಕೂದಲೆಳೆಯಷ್ಟು ಒಳಗೆ ಹೋಗುತ್ತದೆ, ಆಮೇಲೆ ಒಳಗೇ ದಪ್ಪವಾಗುತ್ತದೆ. ತಿಂಗಳೊಳಗೆ ಸಂಪಿನ ಗೋಡೆಯಲ್ಲೂ ಬೇರು ಕಾಣಿಸಿತು. ರಾತ್ರಿ ತುಂಬಿಸಿದ ನೀರು ಬೆಳಗಾಗುವುದರೊಳಗೆ ಅರ್ಧ ಇಳಿಯುತ್ತಿತ್ತು. ನಲ್ಲಿ ನೀರಿಗೆ ಕಾಯುವ ನಮಗೆ ಇದು ಎಂಥ ಸಂಕಟ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಕಾಂಪೌಂಡ್. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ಮಣ್ಣಿನ ಒಂದು ಬದಿಯ ತೇವವನ್ನೆಲ್ಲ ಗಿಡಗಳೇ ಹೀರಿದರೆ ಆ ಬದಿ ಇನ್ನೂ ಜಾಸ್ತಿ ಕುಗ್ಗುತ್ತದೆ. ಪಾಯ ಸಮ ಕೂರುವುದಿಲ್ಲ. ಗೋಡೆ ಎರಡು ಕಡೆ ಸೀಳಿತು. ಬೀದರಿನ ಕೆಂಪು ಮಣ್ಣಿನಲ್ಲಿ ಇಷ್ಟು ಬಿರುಕು ಬೀಳುತ್ತಿರಲಿಲ್ಲವೇನೋ. ಆದರೆ ಪೈಪಿಗೆ ನುಗ್ಗುವ ಬೇರಿಗೆ ಯಾವ ಮಣ್ಣಾದರೇನು?

ಆಮೇಲೆ ಓದಿದಾಗ ಗೊತ್ತಾಯಿತು, ಗುಜರಾತ್ ಸರ್ಕಾರ 2023ರಲ್ಲೇ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಈ ಗಿಡ ಬೆಳೆಸುವುದನ್ನು, ನೆಡುವುದನ್ನು ನಿಲ್ಲಿಸಿದೆ. ಬೇರು ಪೈಪು, ಕೇಬಲ್ಲುಗಳನ್ನು ಹಾಳು ಮಾಡುತ್ತದೆ, ಹೂವಿನ ಪುಡಿಯಿಂದ ನೆಗಡಿ, ಕೆಮ್ಮು, ಉಬ್ಬಸ ಬರುತ್ತದೆ ಅನ್ನುವುದು ಅದಕ್ಕೆ ಕೊಟ್ಟ ಕಾರಣ. ನಾನು ನೆಡುವ ಮುಂಚೆ ಓದಲಿಲ್ಲ, ಸುಮ್ನೆ ಎತ್ತರ ನೋಡಿ ಮರುಳಾದೆ.

ಕಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಹದಿನೈದು ದಿನಕ್ಕೆ ಬುಡವೆಲ್ಲ ಚಿಗುರಿತು. ಕೊನೆಗೆ ಆಳು ಹಚ್ಚಿ ಒಂದೊಂದೇ ಬುಡ ಅಗೆಸಿದೆ. ಸಸಿಗೆ ಕೊಟ್ಟದ್ದು ಸಾವಿರ ಚಿಲ್ಲರೆ. ಪೈಪು, ಸಂಪು, ಗೋಡೆ ರಿಪೇರಿಯ ಲೆಕ್ಕ ಹೇಳಿದರೆ ಮನೆಯಲ್ಲಿ ಮತ್ತೆ ಜಗಳ.

ಈಗ ಅದೇ ಜಾಗದಲ್ಲಿ ಗೋರಂಟಿ, ಅಂದರೆ ಮೆಹಂದಿ ಗಿಡ ಹಚ್ಚಿದ್ದೇವೆ. ಒಣ ನಾಡಿನ ಗಿಡ ಅದು, ರಾಜಸ್ಥಾನದ ಪಾಲಿ ಜಿಲ್ಲೆಯಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ. ಒಂದಡಿಗೊಂದರಂತೆ ಎರಡು ಸಾಲು, ಎದುರುಬದುರು ಬಾರದ ಹಾಗೆ ನೆಟ್ಟು ಆಗಾಗ ತುದಿ ಕತ್ತರಿಸಿದರೆ ಬುಡದಿಂದಲೇ ದಟ್ಟವಾಗುತ್ತದೆ. ಆದರೆ ನಿಧಾನ. ದನ ಒಳಗೆ ನುಗ್ಗುವ ಕಡೆ ಕವಳಿ ಹಚ್ಚಿ, ಮುಳ್ಳೂ ಇದೆ, ಉಪ್ಪಿನಕಾಯಿಗೆ ಕಾಯೂ ಸಿಗುತ್ತದೆ. ಕಣಗಿಲೆಯನ್ನು ಮಾತ್ರ ಆಡು ಅಡ್ಡಾಡುವ ಓಣಿಯಲ್ಲಿ ಹಚ್ಚಬೇಡಿ. ನೀರು ಕೇಳದು, ಹೂ ಚೆಂದ, ಆದರೆ ಎಲೆಯಿಂದ ಬೇರಿನವರೆಗೆ ವಿಷ. ಯಾವುದೇ ಗಿಡವಾಗಲಿ, ಮೊದಲು ಸಂಪು, ಪೈಪು ಎಲ್ಲಿವೆ ಅಂತ ಸುಣ್ಣದಲ್ಲಿ ಗೆರೆ ಎಳೆದುಕೊಳ್ಳಿ. ಆಮೇಲೆ ಗುಂಡಿ ತೋಡಿ.

ನಮ್ಮ ಗೋರಂಟಿ ಇನ್ನೂ ಮೊಣಕಾಲೆತ್ತರ. ಈ ಸಲ ನಾಗರ ಪಂಚಮಿಗೆ ಮಗಳು ಅದರದೇ ಎಲೆ ಅರೆದು ಕೈಗೆ ಹಚ್ಚಿಕೊಂಡಳು. ಸಂಪಿನ ಹಿಂದಿನ ಸಂದಿಯಲ್ಲಿ ಮಾತ್ರ ಕೊನೊಕಾರ್ಪಸ್ಸಿನ ಎರಡು ಬುಡ ಉಳಿದಿವೆ, ಅಗೆಯಲು ಕೈ ಹೋಗುವುದಿಲ್ಲ. ಭಾನುವಾರಕ್ಕೊಮ್ಮೆ ಅದರ ಚಿಗುರು ಮುರಿಯುವುದು ನನ್ನ ಪಾಲಿಗೆ ಬಂದ ಕೆಲಸ.