ಮೆಲ್ಬರ್ನಿನ ಕೂಪ್ಸ್ ಶಾಟ್ ಟವರ್: ಮಾಲ್ ನಡುವೆ ಉಳಿದ ಚರೆ ಕಾರ್ಖಾನೆ

ಮೆಲ್ಬರ್ನ್ ಸೆಂಟ್ರಲ್ ಮಾಲ್‌ನ ನಟ್ಟನಡುವೆ ನಿಂತಿರುವ ಈ ಇಟ್ಟಿಗೆ ಗೋಪುರವನ್ನು ಹಳೆಯ ಚಿಮಣಿ ಎಂದುಕೊಂಡು ಫೋಟೊ ತೆಗೆದು ಹೋಗುವವರೇ ಹೆಚ್ಚು. ಇದು ಕೋವಿಯ ತೋಟಾಕ್ಕೆ ತುಂಬುವ ಸೀಸದ ಸಣ್ಣ ಗುಂಡು, ಅಂದರೆ ಚರೆ ತಯಾರಾಗುತ್ತಿದ್ದ ಜಾಗ. ಕೊಡಗು, ಮಲೆನಾಡಿನ ಕೋವಿ ಮನೆಗಳವರಿಗೆ ಚರೆ ಗೊತ್ತು; ಅದು ಅಷ್ಟು ದುಂಡಗಾಗುವುದು ಹೇಗೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಗೋಪುರದ ತುದಿಯಲ್ಲಿ ಸೀಸ ಕರಗಿಸಿ, ತೂತಿನ ಜರಡಿಯ ಮೂಲಕ ಸುರಿಯುತ್ತಿದ್ದರು. ಬೀಳುವ ಹನಿ ಗಾಳಿಯಲ್ಲೇ ತಾನಾಗಿ ಗುಂಡಗಾಗಿ, ಗಟ್ಟಿಯಾಗುತ್ತಾ ಬಂದು ಬುಡದ ನೀರಿನ ತೊಟ್ಟಿಗೆ ಬೀಳುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದ ವಿಧಾನವಿದು. ಬರೀ ಸೀಸವಾದರೆ ಹನಿಗೆ ಬಾಲ ಬರುತ್ತದೆ, ಅದಕ್ಕೇ ಚೂರು ಆರ್ಸೆನಿಕ್ ಬೆರೆಸುತ್ತಿದ್ದರು. ಎತ್ತರ ಸಾಲದಿದ್ದರೆ ಒಳಗೆ ಇನ್ನೂ ಮೆತ್ತಗಿರುವ ಹನಿ ನೀರಿಗೆ ಬಡಿದು ಚಪ್ಪಟೆಯಾಗುತ್ತದೆ. ಚರೆ ದಪ್ಪವಾದಷ್ಟೂ ಗೋಪುರ ಎತ್ತರವಿರಬೇಕು. ಆಮೇಲೆ ಇಳಿಜಾರು ಹಲಗೆಯ ಮೇಲೆ ಉರುಳಿಸುವುದು: ದುಂಡಗಿದ್ದದ್ದು ನೇರ ಓಡುತ್ತದೆ, ಸೊಟ್ಟಗಿದ್ದದ್ದು ತಡವರಿಸಿ ಪಕ್ಕಕ್ಕೆ ಬೀಳುತ್ತದೆ, ಮತ್ತೆ ಕರಗುವ ಪಾತ್ರೆಗೆ ಹೋಗುತ್ತದೆ.

ಅಂದರೆ ಇಲ್ಲಿನ ಮುಖ್ಯ ಯಂತ್ರ ಗೋಪುರದೊಳಗಿನ ಖಾಲಿ ಜಾಗವೇ. ಈ ಗೋಪುರದ 50 ಮೀಟರ್ ಎತ್ತರದಿಂದ ಬೀಳಲು ಹನಿಗೆ ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಬುಡದಲ್ಲಿ ನಿಂತು ತುದಿ ನೋಡುತ್ತಾ ಒಮ್ಮೆ ಮೂರು ಎಣಿಸಿ, ಅಷ್ಟು ಹೊತ್ತಿಗಾಗಿ ಇಷ್ಟು ಇಟ್ಟಿಗೆ ಕಟ್ಟಿದ್ದಾರೆ. 1889ರ ಸುಮಾರಿಗೆ ಕೂಪ್ ಕುಟುಂಬ ಕಟ್ಟಿಸಿದ ಈ ಗೋಪುರದಲ್ಲಿ ವಾರಕ್ಕೆ 6 ಟನ್‌ವರೆಗೂ ಚರೆ ಆಗುತ್ತಿತ್ತು. ಬೇಡಿಕೆ ಕುಸಿದು 1961ರಲ್ಲಿ ಕೆಲಸ ನಿಂತಿತು.

1991ರಲ್ಲಿ ಮಾಲ್ ಬಂದಾಗ ಜಪಾನಿನ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಗೋಪುರವನ್ನು ಕೆಡವದೆ 84 ಮೀಟರ್ ಎತ್ತರದ ಗಾಜಿನ ಶಂಕು ಹೊದಿಸಿದರು. ಮಳೆ ಗಾಳಿಯಿಂದ ಇಟ್ಟಿಗೆಗೆ ದೊಡ್ಡ ರಕ್ಷಣೆ ಸಿಕ್ಕಿತು. ಅದರ ಬೆಲೆಯೂ ಇದೆ: ತಲೆಯ ಮೇಲೆ ಅಷ್ಟು ದೊಡ್ಡ ಗಾಜಿರುವಾಗ ಗೋಪುರ ಇರುವುದಕ್ಕಿಂತ ಗಿಡ್ಡಗೆ ಕಾಣುತ್ತದೆ. ಸುತ್ತ ಅಂಗಡಿಗಳ ಗದ್ದಲ ಬೇರೆ. ಹಾಗಾಗಿ ನೆಲಮಟ್ಟದಲ್ಲಷ್ಟೇ ನೋಡಿ ಹೊರಡಬೇಡಿ. ಎಸ್ಕಲೇಟರ್ ಹತ್ತಿ ಮೇಲಿನ ಮಹಡಿಯ ಕಟಕಟೆ ಹಿಡಿದು ನಿಂತರೆ ಮೇಲೆ ಹೋಗುತ್ತಾ ಗೋಡೆ ಕಿರಿದಾಗುವುದು, ಸಾಲಾಗಿರುವ ಕಿಟಕಿಗಳು ಸರಿಯಾಗಿ ಕಣ್ಣಿಗೆ ಬೀಳುತ್ತವೆ. ಬುಡದಿಂದ ಮೊಬೈಲ್‌ನಲ್ಲಿ ಇಡೀ ಗೋಪುರ ಹಿಡಿಸಲು ವೈಡ್ ಲೆನ್ಸ್ ಬೇಕೇ ಬೇಕು. ಬಿಸಿಲು ಜೋರಿದ್ದಾಗ ಗಾಜಿನ ಚೌಕಟ್ಟಿನ ನೆರಳು ಇಟ್ಟಿಗೆಯ ಮೇಲೆ ಬಲೆಯಂತೆ ಬೀಳುತ್ತದೆ, ಇಟ್ಟಿಗೆಯ ಬಣ್ಣವೇ ಬೇಕಾದವರು ಮೋಡದ ದಿನ ಹೋಗಲಿ.

ಒಳಗಿನ ಮೆಟ್ಟಿಲು 327. ಸೀಸ ಕರಗುವುದೂ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ! ಕಾಕತಾಳೀಯವೇ ಸರಿ, ಮರೆಯದಿರಲು ಒಳ್ಳೆಯದಾಯಿತು. ಹತ್ತುವ ಆಸೆಯಿದ್ದರೆ ಒಳಗೆ ಬಿಡುತ್ತಾರೆಯೇ ಎಂದು ಮಾಲ್‌ನವರನ್ನು ಮೊದಲೇ ಕೇಳಿಕೊಳ್ಳಿ. ಹೊರಗಿನಿಂದ ನೋಡಲು ಟಿಕೆಟ್ ಇಲ್ಲ, ಅರ್ಧ ಗಂಟೆ ಸಾಕು.

ರೈಲಿನಲ್ಲಿ ಬಂದರೆ ಮೆಲ್ಬರ್ನ್ ಸೆಂಟ್ರಲ್ ನಿಲ್ದಾಣ ಇದರ ಕೆಳಗೇ ಇದೆ. ನಗರದ ಮಧ್ಯಭಾಗದ ಟ್ರಾಮ್ ಉಚಿತ, ರೈಲಿಗೆ ಟಿಕೆಟ್ ಬೇಕು. ಸ್ವಾನ್‌ಸ್ಟನ್ ರಸ್ತೆ ದಾಟಿದರೆ ಸ್ಟೇಟ್ ಲೈಬ್ರರಿ. ಗಾಜು, ಅಂಗಡಿ ಏನೂ ಇಲ್ಲದೆ ಬಯಲಲ್ಲಿ ನಿಂತ ಚರೆ ಗೋಪುರ ನೋಡಬೇಕೆಂದರೆ ಮೆಲ್ಬರ್ನಿನದೇ ಬಡಾವಣೆಯಾದ ಕ್ಲಿಫ್ಟನ್ ಹಿಲ್‌ನ ಅಲೆಕ್ಸಾಂಡ್ರಾ ಪರೇಡ್ ರಸ್ತೆಗೆ ಹೋಗಿ: 1882ರದ್ದು, 80 ಮೀಟರ್ ಎತ್ತರ. ಇಟ್ಟಿಗೆ ಗೋಪುರದ ನಿಜವಾದ ಎತ್ತರ ಅಲ್ಲಿ ಅನುಭವಕ್ಕೆ ಬರುತ್ತದೆ.