ಹಳೆಯ ಗಾಜಿನ ಗೋಲಿ: ಕೈಯಲ್ಲಿ ಮಾಡಿದ್ದೋ, ಯಂತ್ರದ್ದೋ?

19ನೇ ಶತಮಾನದಲ್ಲಿ ಜರ್ಮನಿಯ ಲೌಷಾದಲ್ಲಿ ಬಣ್ಣದ ಗಾಜಿನ ಕಡ್ಡಿಯನ್ನು ಬಿಸಿಯಿರುವಾಗಲೇ ಕತ್ತರಿಸಿ ಗೋಲಿ ಮಾಡುತ್ತಿದ್ದರು. ಕತ್ತರಿಸಿದ ಜಾಗದಲ್ಲಿ ಗುರುತು ಉಳಿದಿರುತ್ತದೆ. ಗೋಲಿಯನ್ನು ನಿಧಾನವಾಗಿ ತಿರುಗಿಸಿ, ಒರಟು ಚುಕ್ಕೆಯೊಂದು ಉಗುರಿಗೆ ತಾಗುತ್ತದೆ. ಒಳಗಿನ ಬಣ್ಣದ ಎಳೆಗಳು ತಿರುಚಿಕೊಂಡು ಅಲ್ಲಿಗೇ ಬಂದು ಸೇರುತ್ತವೆ. ಎಷ್ಟು ಚೆಂದ ಅಲ್ವಾ! ಕೆಲವದರಲ್ಲಿ ಆ ಗುರುತನ್ನು ಗೋಲಿ ಮಾಡಿದ ಕಾಲದಲ್ಲೇ ಉಜ್ಜಿ ನಯ ಮಾಡಿರುತ್ತಾರೆ, ಹಾಗಾಗಿ ಭೂತಗನ್ನಡಿ ಜೊತೆಗಿರಲಿ.

ಯಂತ್ರದ ಗೋಲಿಯಲ್ಲಿ ಈ ಒರಟು ಚುಕ್ಕೆ ಇರುವುದಿಲ್ಲ. ಅಮೆರಿಕದ ಎಂ. ಎಫ್. ಕ್ರಿಸ್ಟೆನ್ಸೆನ್ 1905ರಲ್ಲಿ ಗೋಲಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಯಂತ್ರದಲ್ಲಿ ಗೋಲಿ ಮಾಡುತ್ತಿದ್ದ ಅಮೆರಿಕದ ಆಕ್ರೋ ಅಗೇಟ್ ಕಂಪನಿಯ 'ಕಾರ್ಕ್‌ಸ್ಕ್ರೂ' ಗೋಲಿ ಗುರುತಿಸೋದು ಸುಲಭ: ಬಣ್ಣದ ಪಟ್ಟಿ ಒಂದು ತುದಿಯಿಂದ ಇನ್ನೊಂದಕ್ಕೆ ಸುತ್ತಿಕೊಂಡು ಹೋಗುತ್ತದೆ.

ಗೋಲಿ ಸಂಗ್ರಹಕ್ಕೆ ಹೊಸಬರಾದರೆ ಯಂತ್ರದ್ದರಿಂದಲೇ ಶುರು ಮಾಡಿ. ಜಾಸ್ತಿ ಸಿಗುತ್ತವೆ, ಕಣ್ಣೂ ಪಳಗುತ್ತದೆ. ಒಂದೇ ಒಂದು ಸಾಕು ಅನ್ನುವವರಿಗೆ ಮಾತ್ರ ನಾನು ಕೈಗೋಲಿಯನ್ನೇ ಹೇಳುವುದು. ಯಾವುದಾದರೂ ಸರಿ, ಹೊಸದಾಗಿ ಪಾಲಿಶ್ ಮಾಡಿದ್ದಕ್ಕೆ ಬೆಲೆ ಕಡಿಮೆ.