ಡ್ರಾಪ್ಸ್, ಉಪ್ಪುನೀರು, ಸ್ಪ್ರೇ, ಮಾತ್ರೆ: ಬಸುರಿಯ ಮೂಗಿಗೆ ಯಾವುದು ಒಗ್ಗಿತು?

ಹೂ ಬಿಡುವ ಕಾಲಕ್ಕೆ ಮಾತ್ರ ಸೀನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಒಂದೆರಡು ತಿಂಗಳು ಕಷ್ಟ, ಆಮೇಲೆ ರಜೆ. ನನ್ನದು ದೂಳುಹುಳದ ಅಲರ್ಜಿ, ಹನ್ನೆರಡು ತಿಂಗಳೂ ಡ್ಯೂಟಿ. ಬೆಳಗ್ಗೆ ಕಾಲು ನೆಲಕ್ಕಿಡುವ ಮೊದಲೇ ಏಳೆಂಟು ಸೀನು, ಆಮೇಲೆ ನಲ್ಲಿ ಬಿಟ್ಟ ಹಾಗೆ ಮೂಗು. ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದೆ.

ಬಸುರಿ ಅಂತ ಗೊತ್ತಾದ ದಿನವೇ ಔಷಧಿ ಡಬ್ಬಿ ಎತ್ತಿ ಬೀರುವಿನ ಮೇಲಿಟ್ಟೆ. ಯಾರನ್ನೂ ಕೇಳಲಿಲ್ಲ, ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸಿದೆ. ತಪ್ಪು ಮಾಡಿದೆ ಅಂತ ತಿಳಿಯೋಕೆ ಐದು ವಾರ ಬೇಕಾಯ್ತು. ರಾತ್ರಿಯಿಡೀ ಬಾಯಲ್ಲಿ ಉಸಿರಾಡಿ ಬೆಳಗ್ಗೆ ಗಂಟಲು ಒಣಗಿದ ತೊಗಲಿನ ಹಾಗಿರುತ್ತಿತ್ತು. ಸಿಂಬಳ ಗಂಟಲಿಗೆ ಇಳಿದು, ಮೊದಲೇ ಇದ್ದ ವಾಕರಿಕೆ ಇನ್ನೂ ಜಾಸ್ತಿ. ನನ್ನ ಗಂಡನ ಪ್ರಕಾರ ಗೊರಕೆಯೂ ಶುರುವಾಗಿತ್ತು. ನಾನು ಒಪ್ಪಿರಲಿಲ್ಲ, ಅವರು ರೆಕಾರ್ಡ್ ಮಾಡಿ ಕೇಳಿಸಿದರು.

ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಸೀನು, ತುರಿಕೆ ಇದೆಯಾ, ಇಲ್ಲ ಸುಮ್ನೆ ಕಟ್ಟಿಕೊಂಡಿರುತ್ತಾ?" ಎರಡೂ ಇದೆ ಅಂದೆ. "ಹಾಗಾದ್ರೆ ಎರಡು ಬೇರೆ ಬೇರೆ ತೊಂದರೆ ಅಮ್ಮಾ, ಒಂದೇ ಔಷಧಿ ಎರಡಕ್ಕೂ ಆಗಲ್ಲ" ಅಂದರು. ಸೀನು, ಮೂಗು-ಕಣ್ಣಿನ ತುರಿಕೆ, ನೀರು ಸೋರುವುದು ಅಲರ್ಜಿಯ ಕೆಲಸ. ಬಸುರಿಯ ಮೂಗು ಅಲರ್ಜಿ ಇಲ್ಲದೆಯೂ ಕಟ್ಟುತ್ತದೆ. ಹಾರ್ಮೋನುಗಳಿಂದ ಮೂಗಿನ ಒಳಪೊರೆ ಊದಿಕೊಳ್ಳುತ್ತದೆ, ಮೈಯಲ್ಲಿ ರಕ್ತವೂ ಶೇಕಡಾ 40ರಿಂದ 50ರಷ್ಟು ಹೆಚ್ಚಿರುತ್ತದೆ. ಹೆರಿಗೆಯಾಗಿ ಸುಮಾರು ಎರಡು ವಾರದಲ್ಲಿ ಅದು ತಾನಾಗಿ ಹೋಗುತ್ತದೆ. ನನಗೆ ಎರಡೂ ಒಂದರ ಮೇಲೊಂದು ಕೂತಿದ್ದವು. ಕೆಳಗೆ ಬರೆದಿರುವ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ: ಇದು ಸೀನಿಗೋ, ಕಟ್ಟಿದ್ದಕ್ಕೋ?

ಡ್ರಾಪ್ಸ್: ಎರಡು ನಿಮಿಷದ ಸ್ವರ್ಗ

ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಅಂತ ಬರುವ ಹನಿಗಳು ಊದಿದ ರಕ್ತನಾಳಗಳನ್ನು ಹಿಂಡಿದ ಹಾಗೆ ಕುಗ್ಗಿಸುತ್ತವೆ. ತೊಂದರೆ ಇರುವುದು ನಾಲ್ಕನೇ ದಿನದ ಆಚೆ. ಮೂರು ದಿನ, ಹೆಚ್ಚೆಂದರೆ ಐದು ದಿನ ದಾಟಿದರೆ ಹನಿಯ ಶಕ್ತಿ ಇಳಿಯುತ್ತಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು. ಮದುವೆಗೆ ಮುಂಚೆ ಒಮ್ಮೆ ಈ ಬಲೆಯಲ್ಲಿ ಬಿದ್ದು ದಿಂಬಿನಡಿ ಬಾಟಲಿ ಇಟ್ಟುಕೊಂಡು ಮಲಗಿದವಳು ನಾನು. ವರ್ಷವಿಡೀ ಇರುವ ಅಲರ್ಜಿಗೆ ಮೂರು ದಿನದ ಔಷಧಿ ಏನು ಮಾಡೀತು? ಜೊತೆಗೆ, ಬಸುರಿಯಲ್ಲಿ ರಕ್ತನಾಳ ಕುಗ್ಗಿಸುವುದನ್ನು ಕೇಳದೆ ಹಾಕಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದರು. ಡಬ್ಬಿಯಿಂದ ಇದೊಂದನ್ನು ತೆಗೆದು ಬಿಸಾಕಿದೆ.

ಆವಿಯದ್ದೂ ಒಂದೇ ಮಾತು. ಹತ್ತು ನಿಮಿಷ ಹಾಯೆನಿಸುತ್ತದೆ, ಅಷ್ಟೇ. ಅಮ್ಮ ಫೋನಿನಲ್ಲಿ ದಿನಾ "ಆವಿ ತಗೊಂಡ್ಯಾ?" ಅಂತ ಕೇಳುತ್ತಿದ್ದರು. ಹೊಟ್ಟೆ ಮುಂದಿಟ್ಟುಕೊಂಡು ಕುದಿಯುವ ಪಾತ್ರೆಯ ಮೇಲೆ ಬಗ್ಗುವುದು ನನಗೆ ಹೆದರಿಕೆ, ಬಿಟ್ಟುಬಿಟ್ಟೆ. ಅಮ್ಮನಿಗೆ ಮಾತ್ರ "ಹೂಂ" ಅಂದೆ.

ಉಪ್ಪುನೀರು ಮತ್ತು ಸ್ಪ್ರೇ: ನಿಜವಾದ ಪೈಪೋಟಿ ಇಲ್ಲಿ

ಉಪ್ಪುನೀರಿನಲ್ಲಿ ಮೂಗು ತೊಳೆಯುವುದರ ದೊಡ್ಡ ಗುಣ ಏನೆಂದರೆ ಮೈಗೆ ಯಾವ ಔಷಧಿಯೂ ಸೇರುವುದಿಲ್ಲ. ಮೂರನೇ ತಿಂಗಳಿನ ಭಯಕ್ಕೆ ಅದೇ ಔಷಧಿ. ಆದರೆ ಕಲಿಯೋಕೆ ಒಂದು ವಾರ ಹಿಡಿಯಿತು. ಮೊದಲ ದಿನ ಉಪ್ಪು ಕಣ್ಣಳತೆಯಲ್ಲಿ ಹಾಕಿದೆ. ಕಮ್ಮಿಯಾಗಿತ್ತು. ನೀರು ಹಣೆಯೊಳಗೆ ಸೂಜಿ ಚುಚ್ಚಿದ ಹಾಗೆ ಉರಿದು ಕಣ್ಣಲ್ಲಿ ನೀರು ಬಂತು. ಲೀಟರಿಗೆ 9 ಗ್ರಾಂ ಅನ್ನುವುದು ನಮ್ಮ ಮೈಯ ಉಪ್ಪಿಗೆ ಹೊಂದುವ ಅಳತೆ. ಅಂದರೆ 240 ಮಿಲಿಲೀಟರ್ ನೀರಿಗೆ 2 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ಈ ಅಳತೆಯಲ್ಲಿ ಉರಿ ಅನ್ನೋದೇ ಇಲ್ಲ, ಉಗುರುಬೆಚ್ಚಗಿನ ನೀರು ಒಂದು ಹೊಳ್ಳೆಯಿಂದ ಹೋಗಿ ಇನ್ನೊಂದರಿಂದ ಸುಮ್ನೆ ಇಳಿಯುತ್ತದೆ.

ಒಂದು ವಿಷಯದಲ್ಲಿ ಸೋಮಾರಿತನ ಬೇಡವೇ ಬೇಡ. ನಲ್ಲಿ ನೀರನ್ನು ಹಾಗೇ ಮೂಗಿಗೆ ಬಿಡಬಾರದು. ಕುಡಿದರೆ ಏನೂ ಮಾಡದ ಒಂದು ಜಾತಿಯ ಅಮೀಬಾ ಮೂಗಿನ ಮೂಲಕ ಹೋದರೆ ಮಿದುಳಿಗೇ ಏರುತ್ತದೆ. ಅಪರೂಪ ನಿಜ, ಆದರೆ ಬಂದರೆ ಉಳಿಯುವವರು ಬಹಳ ಕಡಿಮೆ. ರಾತ್ರಿಯೇ ನೀರನ್ನು ಚೆನ್ನಾಗಿ ಮಳ್ಳಿಸಿ ಆರಿಸಿ ಮುಚ್ಚಿಡುತ್ತಿದ್ದೆ, ಬಾಟಲಿಯನ್ನು ದಿನಾ ತೊಳೆದು ಬೋರಲು ಹಾಕುತ್ತಿದ್ದೆ.

ಮೂಗಿಗೆ ನೀರು ಬಿಡುವ ಗಿಂಡಿಯಂಥ ಜಲನೇತಿ ಪಾತ್ರೆಗೂ ಹಿಸುಕುವ ಬಾಟಲಿಗೂ ವ್ಯತ್ಯಾಸ ಇದೆ. ಪಾತ್ರೆಗೆ ತಲೆಯನ್ನು ಪೂರ್ತಿ ಪಕ್ಕಕ್ಕೆ ಓರೆ ಮಾಡಬೇಕು. ಏಳನೇ ತಿಂಗಳಲ್ಲಿ ಸಿಂಕಿನ ಹತ್ತಿರ ಆ ಭಂಗಿಯಲ್ಲಿ ನಿಂತು ನೋಡಿ, ಆಗ ಗೊತ್ತಾಗುತ್ತೆ. ಬಾಟಲಿಯಾದರೆ ತುಸು ಮುಂದೆ ಬಗ್ಗಿದರೆ ಸಾಕು. ಮೂಗು ಪೂರ್ತಿ ಕಟ್ಟಿದ್ದಾಗ ಮಾತ್ರ ಎರಡೂ ಸೋಲುತ್ತವೆ, ನೀರಿಗೆ ದಾರಿಯೇ ಇರುವುದಿಲ್ಲ. ಇನ್ನೊಂದು, ತೊಳೆದ ಅರ್ಧ ಗಂಟೆಗೆ ಏನೋ ಎತ್ತಿಕೊಳ್ಳಲು ಬಗ್ಗುತ್ತೀರಿ, ಎಲ್ಲೋ ಅಡಗಿದ್ದ ನೀರು ಮೂಗಿಂದ ದಬದಬ ಸುರಿಯುತ್ತದೆ. ಒಮ್ಮೆ ಆಫೀಸಿನ ಫೈಲಿನ ಮೇಲೆ ಆಯ್ತು. ಆಮೇಲೆ ಹೊರಗೆ ಹೋಗುವ ಮುಂಚೆ ತೊಳೆಯುವುದನ್ನು ನಿಲ್ಲಿಸಿದೆ.

ಈಗ ಸ್ಪ್ರೇ. ಇದರಲ್ಲಿರುವುದು ಊತ ಇಳಿಸುವ ಸ್ಟೀರಾಯ್ಡ್, ಆ ಹೆಸರಿಗೇ ನಾನು ಬೆದರಿದ್ದೆ. ಡಾಕ್ಟರ್ ಬರೆದದ್ದು ಬ್ಯುಡೆಸೊನೈಡ್. ಬಸುರಿಯರಲ್ಲಿ ಬಹಳ ಕಾಲದಿಂದ ಬಳಸಿ ನೋಡಿದ ಔಷಧಿ ಇದು. ಬಸುರಿಯಲ್ಲಿ ಔಷಧಿ ಎಷ್ಟು ಸುರಕ್ಷಿತ ಅಂತ ತೋರಿಸಲು ಅಮೆರಿಕದ ಔಷಧ ಇಲಾಖೆ ಹಿಂದೆ ಎ, ಬಿ, ಸಿ ಅಂತ ಅಕ್ಷರ ಕೊಡುತ್ತಿದ್ದ ಕಾಲದಲ್ಲಿ ಮೂಗಿನ ಸ್ಟೀರಾಯ್ಡ್‌ಗಳ ಪೈಕಿ ಸಿ ಗಿಂತ ಮೇಲಿನ ಬಿ ಸಿಕ್ಕಿದ್ದು ಇದಕ್ಕೆ. ಫ್ಲೂಟಿಕಸೋನ್, ಮೊಮೆಟಸೋನ್‌ಗಳೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಮೊದಲಿಂದ ಹಾಕುತ್ತಿದ್ದವರಿಗೆ ಅದನ್ನೇ ಮುಂದುವರಿಸಲು ಹೇಳುವುದುಂಟು. ಟ್ರಯಾಮ್ಸಿನೋಲೋನ್ ಇರುವ ಸ್ಪ್ರೇಯನ್ನು ಮಾತ್ರ ಸಾಮಾನ್ಯವಾಗಿ ಬಸುರಿಯರಿಗೆ ಕೊಡುವುದಿಲ್ಲ. ನನ್ನ ಹಳೇ ಡಬ್ಬಿಯಲ್ಲಿ ಇದ್ದದ್ದು ಅದೇ!

ಉಪ್ಪುನೀರು ಅವತ್ತೇ ಗುಣ ತೋರಿಸುತ್ತದೆ, ಸಂಜೆಗೆ ಅಳಿಸಿಹೋಗುತ್ತದೆ. ಸ್ಪ್ರೇ ಮೊದಲ ನಾಲ್ಕು ದಿನ ಏನೂ ಮಾಡಲಿಲ್ಲ. ಐದನೇ ದಿನವೂ ಬೈದುಕೊಂಡೇ ಹಾಕಿದೆ. ಎರಡನೇ ವಾರ ಒಂದು ರಾತ್ರಿ ಎಚ್ಚರವಾದಾಗ ಬಾಯಿ ಮುಚ್ಚಿತ್ತು, ಮೂಗಲ್ಲೇ ಉಸಿರಾಡುತ್ತಿದ್ದೆ. ಅಲರ್ಜಿಯಿಂದ ಊದಿದ್ದು ಇಳಿದಿತ್ತು. ಪೂರ್ತಿ ಅಲ್ಲ, ಹಾರ್ಮೋನಿನ ಪಾಲು ಹಾಗೇ ಉಳಿಯಿತು. ಅದಕ್ಕೆ ಸ್ಪ್ರೇಯಿಂದ ದೊಡ್ಡ ಉಪಯೋಗ ಇಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು.

ಸ್ಪ್ರೇಯ ದೋಷ ಅಂದರೆ ಮೂಗಿನಲ್ಲಿ ರಕ್ತ. ಬಸುರಿಯಲ್ಲಿ ಸುಮ್ನೆ ಸೀಟಿಕೊಂಡರೂ ರಕ್ತ ಬರುತ್ತದೆ, ನಾನು ನೇರ ನಡುಗೋಡೆಗೇ ಹೊಡೆಯುತ್ತಿದ್ದೆ. ಬಲಗೈಯಲ್ಲಿ ಹಿಡಿದು ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ, ತುದಿಯನ್ನು ಕಿವಿಯ ಕಡೆ ಓರೆ ಮಾಡಿ. ಇಷ್ಟು ಬದಲಾಯಿಸಿದ ಮೇಲೆ ರಕ್ತ ನಿಂತಿತು. ಹಾಕಿದ ಕೂಡಲೇ ಜೋರಾಗಿ ಎಳೆದುಕೊಂಡರೆ ಔಷಧಿಯೆಲ್ಲ ಗಂಟಲಿಗೆ, ಕಹಿ ಬೇರೆ.

ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಸ್ಪ್ರೇ ಅನ್ನುತ್ತೇನೆ. ಆದರೆ ಮೊದಲು ತೊಳೆದು, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹಾಕಿದಾಗ ಸಿಕ್ಕ ಗುಣ ಬೇರೆಯೇ. ಸಿಂಬಳದ ಮೇಲೆ ಹೊಡೆದ ಔಷಧಿ ಸಿಂಬಳದ ಜೊತೆಗೇ ಹೊರಗೆ ಬರುತ್ತದೆ, ಅಲ್ವಾ?

ಮಾತ್ರೆ

ಸೀನು ಮತ್ತು ತುರಿಕೆಗೆ ಮಾತ್ರ. ಮೂಗು ಬಿಡಿಸುತ್ತದೆ ಅಂತ ನಂಬಿ ನುಂಗಿದರೆ ನಿರಾಸೆ. ಸೆಟಿರಿಜಿನ್, ಲೊರಾಟಡಿನ್ ಎರಡನ್ನೂ ಬಸುರಿಯರಿಗೆ ಬರೆಯುತ್ತಾರೆ. ಸೆಟಿರಿಜಿನ್ ಸೀನು ಬೇಗ ನಿಲ್ಲಿಸಿತು, ಆದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಸಿದೆ. ಮೊದಲೇ ಬಸುರಿಯ ಸುಸ್ತು. ಲೊರಾಟಡಿನ್ ದಿನಕ್ಕೊಂದು, 10 ಮಿಲಿಗ್ರಾಂ, ಸ್ವಲ್ಪ ಮೆತ್ತಗೆ ಕೆಲಸ ಮಾಡಿತು, ತಲೆ ಮಾತ್ರ ಚುರುಕಾಗೇ ಇತ್ತು. ನನ್ನ ಆಯ್ಕೆ ಅದೇ, ಅದೂ ದಿನಾ ಅಲ್ಲ, ಕಪಾಟು ಒರೆಸಿದ ದಿನ ಅಥವಾ ಕಣ್ಣು ಕೆಂಪಾದ ದಿನ.

ಅಂಗಡಿಯಲ್ಲಿ "ನೆಗಡಿ ಮಾತ್ರೆ" ಅಂತ ಕೇಳಿ ತರಬೇಡಿ. ಅದರಲ್ಲಿ ರಕ್ತನಾಳ ಕುಗ್ಗಿಸುವ ಸೂಡೋಎಫೆಡ್ರಿನ್ ಅಥವಾ ಫಿನೈಲೆಫ್ರಿನ್ ಬೆರೆತಿರಬಹುದು. ಮೊದಲ ಮೂರು ತಿಂಗಳಲ್ಲಿ, ಬಿಪಿ ಇರುವವರಲ್ಲಿ ಇವನ್ನು ದೂರ ಇಡುತ್ತಾರೆ. ಹಾಗೇ ಅಲರ್ಜಿ ಇಂಜೆಕ್ಷನ್ ಕೋರ್ಸ್ ಮೊದಲೇ ಶುರುವಾಗಿ ಒಗ್ಗಿದ್ದರೆ ಅದೇ ಡೋಸಿನಲ್ಲಿ ಮುಂದುವರಿಸಬಹುದು. ಬಸುರಿಯಾದ ಮೇಲೆ ಹೊಸದಾಗಿ ಶುರು ಮಾಡುವುದಿಲ್ಲ.

ಹಾಸಿಗೆ

ಇದನ್ನು ಕೊನೆಯಲ್ಲಿ ಮಾಡಿದೆ, ಮೊದಲೇ ಮಾಡಬೇಕಿತ್ತು. ದೂಳುಹುಳ ನಮ್ಮ ಮೈಯಿಂದ ಉದುರುವ ಚರ್ಮ ತಿಂದು ದಿಂಬು, ಹಾಸಿಗೆಯಲ್ಲೇ ಬದುಕುತ್ತದೆ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು, ದಿಂಬು-ಹಾಸಿಗೆಗೆ ಜಿಪ್ ಇರುವ ದೂಳು ತಡೆಯುವ ಕವರ್ ಹಾಕಿದ ಮೇಲೆ ಬೆಳಗಿನ ಎಂಟು ಸೀನು ಮೂರಕ್ಕೆ ಇಳಿಯಿತು. ಕವರ್ ಮೊದಲೆರಡು ರಾತ್ರಿ ಚರಪರ ಅಂತ ಸದ್ದು ಮಾಡಿತು, ಆಮೇಲೆ ಕಿವಿಗೆ ಬೀಳಲೇ ಇಲ್ಲ.

ಕೊನೆಯ ತಿಂಗಳುಗಳಲ್ಲಿ ಮಗ್ಗುಲಾಗಿ ಮಲಗಿ ಅನ್ನುತ್ತಾರಲ್ಲ, ಎಡಕ್ಕೆ ಮಲಗಿದರೆ ಎಡ ಹೊಳ್ಳೆ ಟಪ್ಪಂತ ಕಟ್ಟುತ್ತಿತ್ತು. ಅದಕ್ಕೆ ಔಷಧಿ ಇಲ್ಲ, ದಿಂಬು ಎತ್ತರಿಸಿ ತಲೆಕಡೆ ಏರಿಸಿದ್ದೇ ಕೆಲಸಕ್ಕೆ ಬಂತು. ಮೂಗಿನ ಮೇಲೆ ಅಂಟಿಸುವ ಪಟ್ಟಿಯೂ ಪರವಾಗಿಲ್ಲ, ಬೆಳಗ್ಗೆ ಕಿತ್ತಾಗ ಮಾತ್ರ ಚರ್ಮ ಜೊತೆಗೇ ಬರುತ್ತದೇನೋ ಅನ್ನಿಸುತ್ತದೆ.

ಹೆರಿಗೆಯಾದ ಹತ್ತನೇ ದಿನವೋ ಏನೋ, ರಾತ್ರಿ ಮೂರಕ್ಕೆ ಹಾಲು ಕುಡಿಸುತ್ತಾ ಕೂತಿದ್ದೆ. ಎರಡೂ ಹೊಳ್ಳೆ ತೆರೆದಿವೆ ಅಂತ ಆಗ ಗಮನಕ್ಕೆ ಬಂತು. ಹಾರ್ಮೋನಿನ ಪಾಲು ಹೇಳದೇ ಕೇಳದೇ ಹೊರಟುಹೋಗಿತ್ತು. ಅಷ್ಟರಲ್ಲಿ ಮೂಗಿನ ತುದಿಯಲ್ಲಿ ಆ ಹಳೇ ಕಚಗುಳಿ. ತಡೆದುಕೊಳ್ಳೋಕೆ ಆಗಲಿಲ್ಲ, ಮೂರು ಸೀನು. ಮಗು ಬೆಚ್ಚಿ ಎರಡೂ ಕೈ ಅಗಲ ಚಾಚಿ, ನನ್ನನ್ನೇ ನೋಡಿ, ಮತ್ತೆ ಹಾಲಿಗೆ ಬಾಯಿ ಹಚ್ಚಿತು.